ಹಳೆಯ ಲೆಕ್ಕವನ್ನು ಅಳಿಸುವ ಕ್ರಮ: ಕಡತದಿಂದ ಗಣಕಯಂತ್ರದವರೆಗೆ

ಬರವಣಿಗೆಯ ಇತಿಹಾಸವೆಂದರೆ ಬರೆದಿಡುವುದರ ಇತಿಹಾಸವೆಂದೇ ಸಾಮಾನ್ಯವಾಗಿ ಎಣಿಸುವುದುಂಟು. ಶಾಸನಗಳನ್ನು ಹುಡುಕುವವರೂ ಓಲೆಗರಿಗಳನ್ನು ಕಾಪಿಡುವವರೂ ಉಳಿದುದನ್ನು ಕುರಿತು ವಿಚಾರ ಮಾಡುವರಲ್ಲದೆ ಅಳಿದುದನ್ನು ಕುರಿತು ಮಾಡುವುದು ವಿರಳ. ಆದರೆ ಬರೆಯುವ ಕಲೆಯಷ್ಟೇ ಹಳೆಯದಾದ ಇನ್ನೊಂದು ಕಲೆಯಿರುವುದು. ಅದು ಅಳಿಸುವ ಕಲೆ. ವ್ಯಾಪಾರಿಯು ತೀರಿದ ಲೆಕ್ಕವನ್ನು ಹೇಗೆ ಅಳಿಸುತ್ತಿದ್ದನು, ಕಚೇರಿಯು ಬಳಸಿ ಮುಗಿದ ದಫ್ತರವನ್ನು ಏನು ಮಾಡುತ್ತಿದ್ದಿತು, ಬರೆದ ಸಾಧನವು ಒಡೆಯನ ಕೈಬಿಟ್ಟು ಹೋಗುವಾಗ ಅದರ ಮೇಲಿನ ಅಕ್ಷರಗಳ ಗತಿಯೇನು ಎಂಬ ಪ್ರಶ್ನೆಗಳು ಬರಿಯ ಕುತೂಹಲಕ್ಕೆ ಹುಟ್ಟಿದವಲ್ಲ. ಲೆಕ್ಕವೆಲ್ಲವೂ ಗಣಕಯಂತ್ರದೊಳಗೆ ಸೇರಿರುವ ಈ ಕಾಲದಲ್ಲಿ, ಆ ಯಂತ್ರಗಳು ಹಳತಾಗಿ ಗುಜರಿ ಅಂಗಡಿಯ ದಾರಿ ಹಿಡಿಯುವಾಗ, ಅವು ಮನೆಮನೆಯ ಮಾನಧನಗಳ ಪ್ರಶ್ನೆಗಳಾಗಿ ನಿಂತಿವೆ. ರೋಣ ಸೀಮೆಯ ಇತಿಹಾಸವು ಈ ವಿಚಾರಕ್ಕೆ ಒಳ್ಳೆಯ ಬೆಳಕನ್ನು ಕೊಡುವುದು.

ಈ ಸೀಮೆಯ ಅತಿ ಹಳೆಯ ದಫ್ತರವೆಂದರೆ ಕಲ್ಲು. ಬಹುಕಾಲ ರೋಣ ತಾಲೂಕಿಗೆ ಸೇರಿದ್ದು ಈಗ ಗಜೇಂದ್ರಗಡ ತಾಲೂಕಿನಲ್ಲಿರುವ ಸೂಡಿಯು ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣವಾಗಿದ್ದಿತು. ಚಾಳುಕ್ಯ ರಾಜಪುತ್ರಿಯಾದ ಅಕ್ಕಾದೇವಿಯ ಹೆಸರು ಅಲ್ಲಿಯ ಶಾಸನಗಳಲ್ಲಿ ಬರುವುದು. ಲೊಕ್ಕಿಗುಂಡಿಯಂತೆಯೇ ಸೂಡಿಯಲ್ಲಿಯೂ ನಾಣ್ಯಗಳನ್ನು ಅಚ್ಚೊತ್ತುವ ಕಮ್ಮಟವಿದ್ದಿತು. ಭೂಮಿಯ ದಾನವನ್ನೂ ಸುಂಕದ ಬಿಡುಗಡೆಯನ್ನೂ ಜನರು ಕಲ್ಲಿನ ಮೇಲೆ ಕೆತ್ತಿಸಿ, ಕೊನೆಗೆ ಆ ಧರ್ಮವನ್ನು ಕೆಡಿಸಿದವನಿಗೆ ಶಾಪವನ್ನು ಬರೆಯಿಸುತ್ತಿದ್ದರು. ಶಿಲಾಶಾಸನದ ಉದ್ದೇಶವೇ ಅಳಿಯದಿರುವುದು. ಎಲ್ಲರಿಗೂ ಕಾಣಲೆಂದೇ ಗುಡಿಯ ಅಂಗಳದಲ್ಲಿ ನಿಲ್ಲಿಸಿದ ಬರಹದಲ್ಲಿ ಮುಚ್ಚಿಡಬೇಕಾದುದು ಯಾವುದೂ ಇರಲಿಲ್ಲ.

ತಾಮ್ರಪಟದ ಸಂಗತಿ ಬೇರೆ. ಅದು ಮನೆಯೊಳಗೆ ಇಡುವ ದಾಖಲೆ. ಕೈಯಿಂದ ಕೈಗೆ ದಾಟುವಂಥದು. ಕರಗಿಸಿದರೆ ಲೋಹದ ಬೆಲೆ ಬರುವಂಥದು. ಸೂಡಿಯಲ್ಲಿಯೇ ದೊರೆತ, ಕ್ರಿ. ಶ. 938ರ ಕಾಲವನ್ನು ಹೇಳಿಕೊಳ್ಳುವ, ಗಂಗರಾಜ ಬೂತುಗನ ಹೆಸರಿನ ತಾಮ್ರಪಟಗಳನ್ನು ಪರೀಕ್ಷಿಸಿದ ಫ್ಲೀಟ್ ಎಂಬ ವಿದ್ವಾಂಸರು ಅವು ಕೂಟಶಾಸನವೆಂದು, ಎಂದರೆ ಹಿಂದಿನ ಕಾಲದ ಹೆಸರಿನಲ್ಲಿ ಮುಂದೆ ಹುಟ್ಟಿಸಿದ ಪತ್ರವೆಂದು, ನಿರ್ಣಯಿಸಿದರು. ದಾಖಲೆಯು ನಂಬಿಕೆಯ ವಸ್ತುವಾದೊಡನೆ ಅದನ್ನು ಕೃತ್ರಿಮವಾಗಿ ಹುಟ್ಟಿಸುವವರೂ ಹುಟ್ಟುವರೆಂಬುದಕ್ಕೆ ಇದು ಈ ನೆಲದ ನಿದರ್ಶನ. ತಾಮ್ರಪಟಗಳು ಕಲಿಸುವ ಇನ್ನೊಂದು ಪಾಠವೂ ಇರುವುದು. ಹಳೆಯ ಬರಹವನ್ನು ಸುತ್ತಿಗೆಯಿಂದ ಬಡಿದು ಸಮಮಾಡಿ, ಅದೇ ತಗಡಿನ ಮೇಲೆ ಹೊಸ ದಾನವನ್ನು ಕೆತ್ತಿದ ಪಟಗಳು ದಕ್ಷಿಣ ಹಿಂದುಸ್ಥಾನದಲ್ಲಿ ಕೆಲವೆಡೆ ಸಿಕ್ಕಿವೆ. ಅಕ್ಕಸಾಲಿಗನು ಅಳಿಸಿದೆನೆಂದು ತಿಳಿದ ಅಕ್ಷರಗಳ ರೇಖೆಗಳನ್ನು ಶತಮಾನಗಳ ನಂತರ ಪಂಡಿತರು ಓದಿರುವರು. ಅಳಿಸಿದಂತೆ ಕಾಣುವುದೂ ಅಳಿಯುವುದೂ ಒಂದೇ ಅಲ್ಲವೆಂಬುದನ್ನು ವಾಚಕರು ಇಲ್ಲಿ ಗುರುತಿಸಿಕೊಳ್ಳಬೇಕು. ಮುಂದಿನ ವಿಚಾರಕ್ಕೆಲ್ಲ ಇದೇ ಬೀಜ.

ಅಳಿಸುವುದಕ್ಕೆಂದೇ ಕನ್ನಡಿಗರು ಕಂಡುಹಿಡಿದ ಸಾಧನವೊಂದುಂಟು. ಅದೇ ಕಡತ. ಇಂದು ಕಚೇರಿಯ ಕಾಗದಗಳ ಕಟ್ಟಿಗೆ ಕಡತವೆನ್ನುವರು. ಮೊದಲಿಗೆ ಆ ಹೆಸರು ಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿದ್ದಿತು. ಹತ್ತಿಯ ಬಟ್ಟೆಯ ಎರಡೂ ಮೈಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿಯ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುವರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬುವನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದ ಮೊದಲ ಸಂಪುಟದಲ್ಲಿ ಕಡತವನ್ನು ವರ್ಣಿಸಿರುವನು. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿಗಳವರೆಗೆ ಉದ್ದ ಎಂದು ಅವನು ಅದರ ಅಳತೆಯನ್ನು ಕೊಟ್ಟಿರುವನು. ಅವನ ಕಾಲದಲ್ಲಿಯೂ ವರ್ತಕರೂ ಅಂಗಡಿಕಾರರೂ ಕಡತದಲ್ಲಿಯೇ ಲೆಕ್ಕವನ್ನು ಇಡುತ್ತಿದ್ದರು. ಜೋಪಾನವಾಗಿಟ್ಟರೆ ಕಾಗದಕ್ಕಿಂತ ಹೆಚ್ಚು ಬಾಳುವ ಈ ಬರಹವನ್ನು, ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಾಗಿದ್ದಿತು.

ಕಡತದ ಗುಣವನ್ನು ಲೆಕ್ಕಿಗನ ದೃಷ್ಟಿಯಿಂದ ನೋಡಬೇಕು. ಸಾಲವು ತೀರಿದಾಗ ಸಾಲಗಾರನ ಎದುರಿಗೇ ಬರಹವನ್ನು ಒರೆಸಬಹುದು. ಕಪ್ಪು ಬಟ್ಟೆಯ ಮೇಲಿನ ಬಿಳಿಯ ಅಕ್ಷರವು ಹೋಯಿತೋ ಇಲ್ಲವೋ ಎಂಬುದು ಇಬ್ಬರ ಕಣ್ಣಿಗೂ ಬೀಳುವುದು. ಸಂದೇಹ ಉಳಿದರೆ ಮೇಲೆ ಹೊಸ ಲೇಪವನ್ನೇ ಕೊಡಬಹುದು. ಬರಹ ಬೇರೆ, ಬಟ್ಟೆ ಬೇರೆ. ಬರಹವು ತೀರಿದ ಮೇಲೆ ಬಟ್ಟೆಯು ಮತ್ತೊಬ್ಬರ ಕೈಗೆ ಹೋದರೂ ಹಾನಿಯಿಲ್ಲ. ಈ ಎರಡರ ಭೇದವು ಅಂದಿನ ಸಾಮಾನ್ಯ ಅಂಗಡಿಕಾರನ ಕೈಗೂ ತಿಳಿದುಹೋಗಿದ್ದಿತು.

ಕಾಗದವು ಬಂದ ಮೇಲೆ ಈ ಸೌಕರ್ಯವು ತಪ್ಪಿತು. ಕೀರ್ದಿ ಖಾತೆಗಳ ಮಸಿ ಒರೆಸಿದರೆ ಹೋಗುವುದಿಲ್ಲ. ರುಮಾಲಿನಲ್ಲಿ ಕಟ್ಟಿದ ದಫ್ತರಗಳು ಬೆಳೆಯುತ್ತ ಹೋದವು. ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಗ್ರಾಮದ ಲೆಕ್ಕವು ವಂಶಪಾರಂಪರ್ಯವಾಗಿ ಕುಲಕರ್ಣಿಯ ಮನೆಯಲ್ಲಿ ಇರುತ್ತಿದ್ದಿತು; ಕುಲಕರ್ಣಿ ವತನಗಳು 1950ರ ಮುಂಬಯಿ ಕಾಯಿದೆಯಿಂದ ರದ್ದಾದವು. ಹಳೆಯ ಕಾಗದವನ್ನು ಉಳಿಸಿಕೊಳ್ಳುವುದರಲ್ಲಿ ಈ ಸೀಮೆಯ ಮನೆತನಗಳಿಗಿದ್ದ ಆತುರಕ್ಕೆ ಬಲವಾದ ಕಾರಣವಿದ್ದಿತು. ಸರಕಾರವು 1852ನೆಯ ಇಸವಿಯ 11ನೆಯ ಕಾಯಿದೆಯಿಂದ ಇನಾಂ ಕಮಿಶನ್ನಿಗೆ ಅಧಿಕಾರ ಕೊಟ್ಟು, ಇನಾಂ ಭೂಮಿಗಳ ಹಕ್ಕುಪತ್ರಗಳನ್ನು ತರಿಸಿ ಶೋಧಿಸಿತು. ಸಂತೃಪ್ತಿಕರವಾದ ಆಧಾರವನ್ನು ತೋರಿಸಲಾಗದ ಅನೇಕರು ಭೂಮಿಯನ್ನು ಕಳೆದುಕೊಂಡರು. 1858ರಲ್ಲಿ ನರಗುಂದದ ಬಾಬಾಸಾಹೇಬ ಭಾವೆಯವರು ಬಂಡೆದ್ದುದಕ್ಕೆ ದತ್ತಕದ ನಿರಾಕರಣೆಯು ಮುಖ್ಯ ಕಾರಣವಾದರೂ, ಸುತ್ತಲಿನ ಸೀಮೆಯ ಇನಾಂದಾರರ ಅಸಮಾಧಾನವು ಅದರ ಹಿನ್ನೆಲೆಯಾಗಿದ್ದಿತು. ಒಂದು ಹಳೆಯ ಕಾಗದವು ಇಲ್ಲದುದರಿಂದ ಹೊಲ ಹೋಗಬಹುದೆಂಬ ನೆನಪುಳ್ಳ ನಾಡಿನಲ್ಲಿ, ಅಳಿಸುವ ಮಾತನ್ನು ಎತ್ತುವ ಮುನ್ನ ಉಳಿಸುವ ಮಾತನ್ನು ಮುಗಿಸಬೇಕು. ಯಾವುದನ್ನು ಎಷ್ಟು ವರ್ಷ ಇಡಬೇಕೆಂಬುದು ನಿಶ್ಚಯವಾದ ಮೇಲೆಯೇ ಉಳಿದುದನ್ನು ನಾಶಮಾಡುವ ಅಧಿಕಾರವು ಹುಟ್ಟುವುದು.

ಕಾಗದದ ನಾಶಕ್ಕೂ ಕ್ರಮವಿದ್ದಿತು. ಸರಕಾರಿ ದಫ್ತರಗಳಲ್ಲಿ ಇಂತಿಷ್ಟು ವರ್ಷ ಇಡತಕ್ಕವು, ಶಾಶ್ವತವಾಗಿ ಇಡತಕ್ಕವು ಎಂಬ ವರ್ಗಗಳನ್ನು ಮಾಡಿ, ಅವಧಿ ತೀರಿದವನ್ನು ಯಾದಿ ಬರೆದು ಸುಡಿಸುತ್ತಿದ್ದರು. ರಿಜರ್ವ್ ಬ್ಯಾಂಕು ಸವೆದ ನೋಟುಗಳನ್ನು ಇಂದಿಗೂ ಚೂರುಚೂರಾಗಿ ಕತ್ತರಿಸಿ, ಆ ಚೂರನ್ನು ಒತ್ತಿ ಗಟ್ಟಿ ಮಾಡುವುದು. ಕಾಗದವು ಅಗ್ಗವಾದುದು, ಅದರ ಮೇಲಿನ ಬರಹದಲ್ಲಿಯೇ ಬೆಲೆ ಇರುವುದು. ಆದುದರಿಂದ ನಾಶಮಾಡಬೇಕಾದುದು ಬರಹವನ್ನು. ಇಷ್ಟು ಸ್ಪಷ್ಟವಾದ ತತ್ತ್ವವು ಗಣಕಯಂತ್ರದ ವಿಷಯದಲ್ಲಿ ಮಾತ್ರ ಮರೆತುಹೋದುದು ಆಶ್ಚರ್ಯ.

ಮರೆವಿಗೆ ಕಾರಣವೇನೆಂದರೆ ಅಲ್ಲಿ ಬರಹವು ಕಣ್ಣಿಗೆ ಕಾಣದು. 1956ರಲ್ಲಿ ಅಮೇರಿಕೆಯ ಐ.ಬಿ.ಎಂ. ಕಂಪನಿಯು ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅವೆಲ್ಲವುಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿ ಒಂದು ತಾಲೂಕಿನ ಲೆಕ್ಕವೆಲ್ಲ ಅಡಗುವುದು. ಕರ್ನಾಟಕ ಸರಕಾರದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ರಾಜ್ಯದ ಅಂದಿನ 177 ತಾಲೂಕುಗಳಲ್ಲಿಯೂ ಪಹಣಿ ಕೇಂದ್ರಗಳನ್ನು ತೆರೆದರು. ರೋಣ ತಾಲೂಕೂ ಅವುಗಳಲ್ಲೊಂದು. ಕೈಬರಹದ ಪಹಣಿಯ ಕಾಲವು ಅಲ್ಲಿಗೆ ಮುಗಿಯಿತು.

ಸಹಕಾರಿ ಸಂಘಗಳೂ ಇದೇ ದಾರಿಯಲ್ಲಿವೆ. 1904ರ ಸಹಕಾರ ಕಾಯಿದೆಯ ಕೆಳಗೆ ದೇಶದ ಮೊದಲ ಕೃಷಿ ಪತ್ತಿನ ಸಂಘವು 1905ರಲ್ಲಿ ಹುಟ್ಟಿದುದು ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ. ಅಂದಿನ ಸಂಘದ ಲೆಕ್ಕವು ಕೆಲವು ಪುಸ್ತಕಗಳಲ್ಲಿ ಮುಗಿಯುತ್ತಿದ್ದಿತು. ಊರವರ ಸಾಲಸೋಲದ ಗುಟ್ಟಿಗೆ ಸಂಘದ ಕಪಾಟಿನ ಬೀಗವೇ ಕಾವಲು. ಕೇಂದ್ರ ಸರಕಾರವು 2022ರ ಜೂನಿನಲ್ಲಿ ದೇಶದ 63,000 ಪ್ರಾಥಮಿಕ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪುಸ್ತಕವು ನೂರು ವರ್ಷ ಬಾಳಿದರೆ ಯಂತ್ರದ ಆಯುಷ್ಯವು ಆರೇಳು ವರ್ಷ. ಆದಕಾರಣ ಹಳೆಯ ಯಂತ್ರವನ್ನು ಏನು ಮಾಡಬೇಕೆಂಬ ಪ್ರಶ್ನೆಯು ನಗರದ ದೊಡ್ಡ ಕಂಪನಿಗಳಲ್ಲಿ ನಿಲ್ಲದೆ, ಇನ್ನು ಮುಂದೆ ಹಳ್ಳಿಯ ಸಂಘದ ಬಾಗಿಲಿಗೂ ಆರೇಳು ವರ್ಷಕ್ಕೊಮ್ಮೆ ಬರುತ್ತಿರುವುದು. ಗಜೇಂದ್ರಗಡದ ಸೀರೆಯ ವ್ಯಾಪಾರಿಯಾಗಲಿ, ರೋಣದ ಅಡತಿ ಅಂಗಡಿಯ ಸಾವಕಾರನಾಗಲಿ, ಬೀಜ ಗೊಬ್ಬರ ಮಾರುವವನಾಗಲಿ ಇದರಿಂದ ಹೊರತಲ್ಲ. ಅವರ ಯಂತ್ರದೊಳಗೆ ಗಿರಾಕಿಯ ಹೆಸರು, ಮೊಬೈಲ್ ಸಂಖ್ಯೆ, ಆಧಾರದ ಪ್ರತಿ, ಬ್ಯಾಂಕಿನ ಖಾತೆ, ಕೊಡಬೇಕಾದ ಬಾಕಿ ಎಲ್ಲವೂ ಒಂದೆಡೆ ಇರುವುವು.

ಹಾರ್ಡ್ ಡಿಸ್ಕಿನ ಸ್ವಭಾವವನ್ನು ಪುಸ್ತಕದ ದೃಷ್ಟಾಂತದಿಂದ ತಿಳಿಯಬಹುದು. ಸಾವಿರ ಪುಟಗಳ ಖಾತೆಯ ಪುಸ್ತಕಕ್ಕೆ ಮೊದಲಲ್ಲಿ ಅನುಕ್ರಮಣಿಕೆಯಿರುವುದು. ಒಬ್ಬನ ಖಾತೆಯನ್ನು ತೆಗೆದುಹಾಕಬೇಕೆಂದು ಹೇಳಿದಾಗ, ಗುಮಾಸ್ತನು ಅನುಕ್ರಮಣಿಕೆಯಲ್ಲಿಯ ಹೆಸರಿಗೆ ಗೀಟು ಎಳೆದು, ಆ ಪುಟವು ಮುಂದಿನ ಬರಹಕ್ಕೆ ತೆರವೆಂದು ಗುರುತು ಮಾಡಿ ಸುಮ್ಮನಾದರೆ ಹೇಗೋ, ಹಾರ್ಡ್ ಡಿಸ್ಕಿನಲ್ಲಿ ಅಳಿಸೆಂಬ ಆಜ್ಞೆಯು ನಡೆಯುವುದು ಹಾಗೆ. ಪುಟವು ಹೊಸ ಬರಹ ಬೀಳುವವರೆಗೆ ಹಾಗೆಯೇ ಇರುವುದು. ಎಲ್ಲವನ್ನೂ ಶೀಘ್ರವಾಗಿ ಬರಿದುಮಾಡುವ ಫಾರ್ಮ್ಯಾಟ್ ಎಂಬ ಕ್ರಿಯೆಯೂ ಅನುಕ್ರಮಣಿಕೆಯನ್ನು ಹರಿದೊಗೆಯುವುದೇ ಹೊರತು ಪುಟಗಳನ್ನು ಮುಟ್ಟುವುದಿಲ್ಲ. ಬಲ್ಲವನು ಸಾಮಾನ್ಯವಾದ ತಂತ್ರಾಂಶದಿಂದಲೇ ಆ ಪುಟಗಳನ್ನು ಓದಬಲ್ಲನು. ಬಡಿದ ತಾಮ್ರದ ಮೇಲೆ ಉಳಿದ ರೇಖೆಗಳ ಕಥೆಯೇ ಇದು. ಆದರೆ ಇಲ್ಲಿ ಓದುವವನು ಪಂಡಿತನಾಗಿರಬೇಕಿಲ್ಲ, ಶತಮಾನಗಳೂ ಬೇಕಿಲ್ಲ.

ಇದು ಊಹೆಯ ಭಯವೆಂದು ಯಾರೂ ತಿಳಿಯಲಾಗದು. ಅಮೇರಿಕೆಯ ಎಂ.ಐ.ಟಿ. ವಿದ್ಯಾಪೀಠದ ಗಾರ್ಫಿಂಕೆಲ್ ಮತ್ತು ಶೆಲಾಟ್ ಎಂಬ ಇಬ್ಬರು ವಿದ್ಯಾರ್ಥಿಗಳು 2000ದಿಂದ 2002ರವರೆಗೆ ಹಳೆಯ ಸಾಮಾನಿನ ಪೇಟೆಯಲ್ಲಿ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲವನ್ನು ಪ್ರಕಟಿಸಿದರು. ನಡೆಯುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದವು ಕೇವಲ 12. ಉಳಿದವುಗಳಲ್ಲಿ ಸ್ವಂತ ಪತ್ರಗಳೂ ವೈದ್ಯಕೀಯ ವಿಷಯಗಳೂ ಸಾವಿರಾರು ಕ್ರೆಡಿಟ್ ಕಾರ್ಡುಗಳ ಸಂಖ್ಯೆಗಳೂ ಇದ್ದವು. ಹಣ ಕೊಡುವ ಎ.ಟಿ.ಎಂ. ಯಂತ್ರದೊಳಗಿದ್ದಂತೆ ಕಂಡ ಒಂದು ಡಿಸ್ಕಿನಲ್ಲಿ ಖಾತೆಗಳ ಸಂಖ್ಯೆಗಳಿದ್ದವು. ಮುಂದೆ 2013ರಲ್ಲಿ ನ್ಯೂಯಾರ್ಕಿನ ಅಫಿನಿಟಿ ಎಂಬ ಆರೋಗ್ಯ ವಿಮಾ ಸಂಸ್ಥೆಯು ಸರಕಾರಕ್ಕೆ 12 ಲಕ್ಷ ಡಾಲರಿಗೂ ಹೆಚ್ಚು ಹಣವನ್ನು ಕೊಟ್ಟು ರಾಜಿಯಾಗಬೇಕಾಯಿತು. ಅದು ಬಾಡಿಗೆಗೆ ತಂದಿದ್ದ ನಕಲು ತೆಗೆಯುವ ಯಂತ್ರಗಳನ್ನು ಅವುಗಳೊಳಗಿನ ಡಿಸ್ಕನ್ನು ಅಳಿಸದೆ ಹಿಂದಿರುಗಿಸಿತ್ತು. ಝೆರಾಕ್ಸ್ ಯಂತ್ರದೊಳಗೂ ನೆನಪಿರುವುದೆಂಬುದು ಎಷ್ಟು ಕಚೇರಿಗಳಿಗೆ ಗೊತ್ತು?

ಇನ್ನೂ ದೊಡ್ಡ ನಿದರ್ಶನವು 2022ರದು. ಮಾರ್ಗನ್ ಸ್ಟ್ಯಾನ್ಲಿ ಎಂಬ ಹಣಕಾಸಿನ ಸಂಸ್ಥೆಯು ತನ್ನ ಹಳೆಯ ಯಂತ್ರಗಳ ವಿಲೇವಾರಿಯನ್ನು ಸಾಮಾನು ಸಾಗಿಸುವ ಒಂದು ಕಂಪನಿಗೆ ಒಪ್ಪಿಸಿತ್ತು. ಅಳಿಸುವ ವಿದ್ಯೆಯಲ್ಲಿ ಆ ಕಂಪನಿಗೆ ಅನುಭವವಿರಲಿಲ್ಲ. ಸಾವಿರಾರು ಉಪಕರಣಗಳು ಮೂರನೆಯವರ ಕೈಸೇರಿ, ಕೆಲವು ಗಿರಾಕಿಗಳ ವಿವರಸಮೇತ ಅಂತರಜಾಲದ ಹರಾಜಿನಲ್ಲಿ ಮಾರಾಟವಾದವು. ಸುಮಾರು ಒಂದೂವರೆ ಕೋಟಿ ಗಿರಾಕಿಗಳ ವಿಷಯವನ್ನು ಕಾಪಾಡುವುದರಲ್ಲಿ ತಪ್ಪಿತೆಂದು ಆ ದೇಶದ ಷೇರು ನಿಯಂತ್ರಣ ಮಂಡಳಿಯು ಸಂಸ್ಥೆಗೆ ಮೂರೂವರೆ ಕೋಟಿ ಡಾಲರುಗಳ ದಂಡವನ್ನು ವಿಧಿಸಿತು. ಸಾಮಾನನ್ನು ಹೊರಗೆ ಹಾಕುವುದೂ ಬರಹವನ್ನು ಅಳಿಸುವುದೂ ಒಂದೇ ಕೆಲಸವೆಂದು ಭಾವಿಸಿದುದೇ ಈ ಅನರ್ಥದ ಮೂಲ.

ಹಾಗಾದರೆ ಅಳಿಸುವ ಕ್ರಮವಾವುದು? ಅಮೇರಿಕೆಯ ಮಾನಕ ಸಂಸ್ಥೆಯು 2006ರಲ್ಲಿ ಹೊರಡಿಸಿ 2014ರಲ್ಲಿ ತಿದ್ದಿದ ಸೂಚನೆಗಳು ಮೂರು ಮೆಟ್ಟಿಲುಗಳನ್ನು ಹೇಳುವುವು. ಲೋಕದಲ್ಲಿ ಅನೇಕರು ಅವನ್ನು ಅನುಸರಿಸುವರು. ಮೊದಲನೆಯದು, ಡಿಸ್ಕಿನ ಎಲ್ಲ ಪುಟಗಳ ಮೇಲೂ ಹೊಸ ಬರಹವನ್ನು ಬರೆದು ಹಳೆಯದನ್ನು ಮುಚ್ಚುವುದು. ಕಡತಕ್ಕೆ ಹೊಸ ಲೇಪ ಕೊಟ್ಟಂತೆ. ಮೂವತ್ತೈದು ಸಲ ಬರೆಯಬೇಕೆಂಬ ಮಾತು 1996ರ ಒಂದು ಲೇಖನದಿಂದ ಹರಡಿದ್ದಿತು. ಇಂದಿನ ಅಯಸ್ಕಾಂತದ ತಟ್ಟೆಗಳಿಗೆ ಪೂರ್ಣವಾಗಿ ಒಂದು ಸಲ ಬರೆದರೆ ಸಾಮಾನ್ಯವಾಗಿ ಸಾಕು. ಎರಡನೆಯದು, ಪ್ರಯೋಗಶಾಲೆಯ ಉಪಾಯಗಳಿಗೂ ನಿಲುಕದಂತೆ ಶುದ್ಧಿ ಮಾಡುವುದು: ಬಲವಾದ ಅಯಸ್ಕಾಂತದಿಂದ ತಟ್ಟೆಯ ಗುರುತುಗಳನ್ನು ಕದಡುವುದು, ಇಲ್ಲವೆ ಡಿಸ್ಕಿನೊಳಗೇ ಇರುವ ಅಳಿಸುವ ಆಜ್ಞೆಯನ್ನು ಬಳಸುವುದು, ಇಲ್ಲವೆ ಬರಹವೆಲ್ಲ ಮೊದಲೇ ಗೂಢಲಿಪಿಯಲ್ಲಿದ್ದರೆ ಅದರ ಕೀಲಿಯನ್ನು ನಾಶಮಾಡುವುದು. ಮೂರನೆಯದು ಡಿಸ್ಕನ್ನೇ ಪುಡಿಮಾಡುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇತ್ತೀಚಿನ ಯಂತ್ರಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್.ಎಸ್.ಡಿ. ಎಂಬ ಚಿಪ್ಪುಗಳ ಸಂಗ್ರಹವಿರುವುದು. ಅಲ್ಲಿ ಅಯಸ್ಕಾಂತದ ಆಟ ನಡೆಯದು. ಅದು ತನ್ನ ಕೋಶಗಳು ಸಮವಾಗಿ ಸವೆಯಲೆಂದು ಬರಹವನ್ನು ತಾನೇ ಸ್ಥಳಾಂತರಿಸುತ್ತಿರುವುದರಿಂದ, ಮೇಲೆ ಬರೆದರೂ ಹಳೆಯ ಪ್ರತಿಯೊಂದು ಒಡೆಯನ ಕೈಗೆಟುಕದ ಮೂಲೆಯಲ್ಲಿ ಉಳಿಯಬಹುದು. ಅದಕ್ಕೆ ಯಂತ್ರದ ಸ್ವಂತ ಅಳಿಸುವ ಆಜ್ಞೆಯೋ, ಕೀಲಿಯ ನಾಶವೋ, ಪುಡಿಮಾಡುವುದೋ ತಕ್ಕ ಉಪಾಯ. ಯಾವ ಮಾರ್ಗವನ್ನು ಹಿಡಿದರೂ ಯಂತ್ರದ ಕ್ರಮಸಂಖ್ಯೆ, ಅಳಿಸಿದ ದಿನ, ಅಳಿಸಿದವರ ಹೆಸರು, ಪರೀಕ್ಷಿಸಿ ನೋಡಿದವರ ಸಹಿ ಇವು ಕಾಗದದಲ್ಲಿ ಇರಬೇಕು. ಬರಹವು ಕಣ್ಣಿಗೆ ಕಾಣದಾದ ಮೇಲೆ ಸಾಕ್ಷಿಯು ಹೆಚ್ಚು ಬಲವಾಗಿರಬೇಕಷ್ಟೆ.

ಬರಹದ ಮಾತಾಯಿತು, ಇನ್ನು ದೇಹದ ಮಾತು. ಹಳೆಯ ಗಾಜಿನ ಪರದೆಗಳಲ್ಲಿಯೂ ಬೆಸುಗೆಯಲ್ಲಿಯೂ ಸೀಸವಿರುವುದು. ಕೆಲವು ಭಾಗಗಳಲ್ಲಿ ಪಾದರಸವೂ ಕ್ಯಾಡ್ಮಿಯಮ್ಮೂ ಇರುವುವು. ತಾಮ್ರಕ್ಕಾಗಿ ತಂತಿಯನ್ನು ಬಯಲಲ್ಲಿ ಸುಡುವುದು, ಬಂಗಾರದ ಕಣಕ್ಕಾಗಿ ಹಲಗೆಗಳನ್ನು ಆಮ್ಲದಲ್ಲಿ ಅದ್ದುವುದು ಇವುಗಳಿಂದ ನೀರಿಗೂ ಮಣ್ಣಿಗೂ ಆ ಕೆಲಸ ಮಾಡುವವರ ದೇಹಕ್ಕೂ ವಿಷವೇರುವುದು. ಸಂಯುಕ್ತ ರಾಷ್ಟ್ರ ಸಂಘದ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಲೋಕದಲ್ಲಿ ಹುಟ್ಟಿದ ವಿದ್ಯುನ್ಮಾನ ಕಸವು 6 ಕೋಟಿ 20 ಲಕ್ಷ ಟನ್ನು. ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ತಂದುದು ನೂರಕ್ಕೆ 22.3. ಕರ್ನಾಟಕವು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ದೇಶದಲ್ಲಿ ಸರಕಾರದ ಮಾನ್ಯತೆ ಪಡೆದ ಮೊದಲ ವಿದ್ಯುನ್ಮಾನ ಕಸದ ಕಾರಖಾನೆಯೆಂದು ಗಣ್ಯವಾದ ಇ-ಪರಿಸರ ಸಂಸ್ಥೆಯು ಕೆಲಸವನ್ನು ಆರಂಭಿಸಿದುದು 2005ರಲ್ಲಿ, ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ.

ದೇಶದ ಮೊದಲ ವಿದ್ಯುನ್ಮಾನ ಕಸದ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. ಬಳಿಕ 2016ರಲ್ಲಿ ಹೊಸ ನಿಯಮಗಳಾದವು. ಈಗ ನಡೆಯುತ್ತಿರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಪ್ರಕಾರ ದೊಡ್ಡ ಬಳಕೆದಾರರು ಹಳೆಯ ಯಂತ್ರಗಳನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು. ಆದರೆ ದೊಡ್ಡ ಬಳಕೆದಾರನೆಂದರೆ ಒಂದು ವರ್ಷದಲ್ಲಿ ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಉಪಕರಣಗಳುಳ್ಳವನು. ರೋಣದ ಸಂಘವೂ ಗಜೇಂದ್ರಗಡದ ಅಂಗಡಿಯೂ ಆ ಲೆಕ್ಕಕ್ಕೆ ಸಿಕ್ಕವು. ಇತ್ತ ಬರಹವನ್ನು ಕುರಿತು 2023ರ ಆಗಸ್ಟಿನಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ಉದ್ದೇಶವು ತೀರಿದ ಮೇಲೆ, ಬೇರೆ ಕಾಯಿದೆಯು ಇಡಲು ಹೇಳದಿದ್ದರೆ, ಜನರ ವಿವರಗಳನ್ನು ಅಳಿಸಬೇಕೆಂದು ವಿಧಿಸುವುದು. ರಕ್ಷಣೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನೂ ಹೇಳುವುದು. ಇನಾಂ ಕಮಿಶನ್ನಿನ ಕಾಲದಲ್ಲಿ ಕಾಗದವನ್ನು ಇಡದವನು ಕೆಟ್ಟನು. ಇನ್ನು ಮೇಲೆ ತೀರಿದ ಬರಹವನ್ನು ಬಿಡದವನೂ ಕೆಡಬಹುದು.

ಈ ಭಯದಿಂದ ಕೆಲವರು ಹಳೆಯ ಯಂತ್ರಗಳನ್ನೆಲ್ಲ ಒಂದು ಕೋಣೆಯಲ್ಲಿ ಒಟ್ಟಿ ಬೀಗ ಹಾಕುವರು; ಮತ್ತೆ ಕೆಲವರು ಎಲ್ಲವನ್ನೂ ಒಡೆದುಹಾಕುವುದೇ ಲೇಸೆನ್ನುವರು. ಎರಡೂ ಸಮಂಜಸವಲ್ಲ. ಬೀಗದ ಕೋಣೆಯು ಅಳಿಸುವ ಕೆಲಸವನ್ನು ಮುಂದಿನ ಕಾರ್ಯದರ್ಶಿಯ ತಲೆಗೆ ಕಟ್ಟುವುದು, ಒಂದು ದಿನ ತೂಕದ ಲೆಕ್ಕದಲ್ಲಿ ಮಾರಿಹೋಗುವುದು. ಒಡೆಯುವುದರಿಂದ ಇನ್ನೂ ಬಾಳಬಹುದಾದ ಯಂತ್ರವು ಅಕಾಲದಲ್ಲಿ ಕಸವಾಗುವುದು. ಸರಿಯಾಗಿ ಅಳಿಸಿದ ಯಂತ್ರವು ಹಳ್ಳಿಯ ಶಾಲೆಯಲ್ಲಿ ಇನ್ನು ಕೆಲವು ವರ್ಷ ಮಕ್ಕಳ ಕೈಯಲ್ಲಿ ಬಾಳಬಲ್ಲುದು. ಸಂದೇಹವಿದ್ದಲ್ಲಿ ಡಿಸ್ಕನ್ನಷ್ಟೇ ತೆಗೆದು ನಾಶಮಾಡಿ, ಬೇರೊಂದನ್ನು ಹಾಕಿ ಕೊಡಬಹುದು. ಕಡತದ ಬಟ್ಟೆಯನ್ನು ಸುಡದೆ ಒರೆಸಿ ಮತ್ತೆ ಬರೆದ ಹಿರಿಯರ ಮಿತವ್ಯಯವು ಇಲ್ಲಿಯೂ ಸಲ್ಲುವುದು.

ಸಂಘದಲ್ಲಿ ಸಾಲ ಪಡೆದ ರೈತನು ತನ್ನ ಹೆಬ್ಬೆಟ್ಟಿನ ಗುರುತನ್ನೂ ಆಧಾರದ ಸಂಖ್ಯೆಯನ್ನೂ ಕೊಟ್ಟುದು ಸಂಘವನ್ನು ನಂಬಿ. ಯಂತ್ರವು ಹಳತಾಯಿತೆಂದು ಆ ನಂಬಿಕೆಯು ಹಳತಾಗುವುದಿಲ್ಲ. ಸಾಲವು ತೀರಿದೊಡನೆ ಅವನ ಎದುರಿನಲ್ಲಿ ಬಳಪದ ಅಕ್ಷರವನ್ನು ಒರೆಸುತ್ತಿದ್ದ ಕಾಲವು ಹೋಯಿತು. ಈಗ ಅವನು ನೋಡಲಾರನು, ನೋಡಿದರೂ ಕಾಣದು. ಅವನ ಪರವಾಗಿ ನೋಡುವ ಹೊಣೆಯು ಸಂಘದ ಆಡಳಿತ ಮಂಡಳಿಯದು, ಅಂಗಡಿಯ ಸಾವಕಾರನದು, ಕಚೇರಿಯ ಅಧಿಕಾರಿಯದು. ವರ್ಷದ ಕೊನೆಗೆ ಲೆಕ್ಕಪರಿಶೋಧನೆ ನಡೆಯುವಾಗ ಬಂದ ಹಣ, ಹೋದ ಹಣ, ಉಳಿದ ಹಣ ಎಂದು ಕೇಳುವಂತೆಯೇ, ಹೊರಹೋದ ಯಂತ್ರಗಳೆಷ್ಟು, ಅವುಗಳಲ್ಲಿ ಅಳಿಸಿದವೆಷ್ಟು ಎಂದು ಸದಸ್ಯರು ಕೇಳಲಾರಂಭಿಸಿದರೆ ಅರ್ಧ ಕೆಲಸವು ತಾನಾಗಿಯೇ ಆಗುವುದು.